ಕಡಲ ಐಸಿನ ತಳದಿಂದ ಪಾಚಿ ತೆಗೆಯುವ ಕೆಲಸ: ನನ್ನ ಅನುಭವ

ಭಾರತದ ಸಂಶೋಧನಾ ಕೇಂದ್ರ ಭಾರತಿಯ ಮುಂದಿನ ಕಡಲು ನವೆಂಬರಿನಲ್ಲಿ ಇನ್ನೂ ಗಟ್ಟಿಯಾಗಿಯೇ ಇರುತ್ತದೆ. ಅಂಟಾರ್ಕ್ಟಿಕಾದ ಪ್ರಿಡ್ಜ್ ಕೊಲ್ಲಿಯ ಪಕ್ಕ, ಲಾರ್ಸ್‌ಮನ್ ಗುಡ್ಡಗಳಲ್ಲಿ 2012ರಿಂದ ನಡೆಯುತ್ತಿರುವ ಈ ಕೇಂದ್ರಕ್ಕೆ, ಅಂಟಾರ್ಕ್ಟಿಕಾದಲ್ಲಿ ನಮ್ಮ ಇನ್ನೊಂದು ಕೇಂದ್ರವಾದ ಮೈತ್ರಿಗಿಲ್ಲದ ಅನುಕೂಲವೊಂದಿದೆ: ಬಾಗಿಲು ದಾಟಿ ಇಳಿದರೆ ಕಡಲೇ. ಮೈತ್ರಿಯಿಂದ ಕಡಲಂಚು ಸುಮಾರು 100 ಕಿ.ಮೀ. ದೂರ. ಕಾರವಾರದ ಕೋಡಿಬಾಗದಲ್ಲಿ ಕಡಲ ಜೀವಶಾಸ್ತ್ರ ಓದಿದ ನನಗೆ ಬೇಕಿದ್ದದ್ದು ಆ ಐಸಿನ ತಳಕ್ಕೆ ಅಂಟಿ ಬೆಳೆಯುವ ಒಂದೇ ಜೀವಕೋಶದ ಪಾಚಿ, ಡಯಾಟಮ್‌ಗಳು. ಬೇಸಿಗೆಯಲ್ಲಿ ನೀರು ತೆರೆದುಕೊಳ್ಳುವ ಮೊದಲು ಅಲ್ಲಿ ಹೊಸ ಮೇವು ಅಂತ ಇರುವುದು ಹೆಚ್ಚುಕಡಿಮೆ ಇದೊಂದೇ. ಚಳಿಗಾಲದಲ್ಲಿ ಸೀಗಡಿಯಂಥ ಮರಿ ಕ್ರಿಲ್‌ಗಳು ಕೆರೆದು ತಿನ್ನುವುದೂ ಇದನ್ನೇ.

ಐಸಿನ ಮೇಲೆ ಒಬ್ಬರೇ ಹೋಗುವ ಹಾಗಿಲ್ಲ. ಕೇಂದ್ರಕ್ಕೆ ವೈರ್‌ಲೆಸ್‌ನಲ್ಲಿ ತಿಳಿಸಿ, ಹಗ್ಗ ಹಿಡಿದು, ದಾರಿಯುದ್ದಕ್ಕೂ ತೂತು ಕೊರೆದು ದಪ್ಪ ನೋಡುತ್ತಾ ಹೋಗುತ್ತಿದ್ದೆವು. ಭಯ ಇರುವುದು ದಡದ ಹತ್ತಿರವೇ. ಉಬ್ಬರವಿಳಿತಕ್ಕೆ ಐಸು ಏರಿಳಿದು ಅಲ್ಲಿ ಬಿರುಕು ಬಿಟ್ಟಿರುತ್ತದೆ. ವೆಡೆಲ್ ಸೀಲ್‌ಗಳು ಉಸಿರಿಗೆ ಮೇಲೆ ಬರುವುದೂ ಅಂಥ ಬಿರುಕುಗಳಲ್ಲೇ. ಮರಿ ಹಾಕಿದ ಕಾಲವಾದ್ದರಿಂದ ನಾವೇ ಸುತ್ತಿ ಹೋಗುತ್ತಿದ್ದೆವು.

ಕೊರೆಯಲು 9 ಸೆಂ.ಮೀ. ವ್ಯಾಸದ ಟೊಳ್ಳು ಕೊಳವೆ, ಅದರ ಬಾಯಿಗೆ ಅಲಗುಗಳು. ತಳ ಮುಟ್ಟಿ ಕೊಳವೆ ಎತ್ತಿದಾಗ ಮೇಲಿನ ಭಾಗವೆಲ್ಲ ಬಿಳಿ, ಕೊನೆಯ ಕೆಲವು ಸೆಂಟಿಮೀಟರ್ ಮಾತ್ರ ಕಾಫಿ ಚರಟದ ಬಣ್ಣ. ಅಷ್ಟೇ ನನ್ನ ಆಸ್ತಿ. ಹಿಮದ ಹೊದಿಕೆ ದಪ್ಪಗಿದ್ದರೆ ಮೇಲಿನ ಬೆಳಕಿನ ನೂರರಲ್ಲೊಂದು ಪಾಲೂ ಇವಕ್ಕೆ ತಲುಪುವುದಿಲ್ಲ. ಅಂಥ ಮಬ್ಬಿಗೆ ಒಗ್ಗಿದವನ್ನು ಒಮ್ಮೆಗೇ ಬಿಸಿಲಿಗೆ ಒಡ್ಡಿದರೆ ಕೆಡುತ್ತವೆ. ಹಾಗಾಗಿ ಒಬ್ಬರು ಕಪ್ಪು ಪ್ಲಾಸ್ಟಿಕ್ ಹಿಡಿದು ನೆರಳು ಮಾಡುತ್ತಿದ್ದರು, ನಾನು ತಳದ 10 ಸೆಂ.ಮೀ. ಗರಗಸದಲ್ಲಿ ಕೊಯ್ದು ಡಬ್ಬಕ್ಕೆ ಹಾಕುತ್ತಿದ್ದೆ.

ಡಬ್ಬ ಹೋಗುವುದು ಥರ್ಮಾಕೋಲ್ ಪೆಟ್ಟಿಗೆಗೆ. ಊರಿನಲ್ಲಿ ಈ ಪೆಟ್ಟಿಗೆ ಮೀನನ್ನು ತಣ್ಣಗಿಡಲು. ಇಲ್ಲಿ ಸ್ಯಾಂಪಲ್ಲಿಗೆ ಚಳಿ ತಗಲದಿರಲು! ಐಸಿನ ತಳ ಕಡಲನೀರಿನ ಉಷ್ಣತೆಯಲ್ಲೇ, ಎಂದರೆ ಮೈನಸ್ 1.8 ಡಿಗ್ರಿ ಸುಮಾರಿಗೆ ಇರುತ್ತದೆ. ಹೊರಗಿನ ಗಾಳಿ ಮೈನಸ್ 10 ಇದ್ದ ದಿನ ತೆರೆದಿಟ್ಟರೆ ಐಸಿನೊಳಗಿನ ಸಣ್ಣ ನಾಳಗಳ ನೀರೂ ಹೆಪ್ಪುಗಟ್ಟುತ್ತದೆ. ಉಪ್ಪು ಮಾತ್ರ ಹೆಪ್ಪುಗಟ್ಟದೆ ಉಳಿದ ನೀರಿಗೇ ಸೇರಿ, ಅದು ಕಡಲಿಗಿಂತ ಹಲವು ಪಟ್ಟು ಉಪ್ಪಾಗುತ್ತದೆ.

ಕರಗಿಸುವಾಗ ಆಗುವುದು ಇದರ ತಿರುವುಮುರುವು. ಕಡಲ ಐಸನ್ನು ಸುಮ್ಮನೆ ಕರಗಲು ಬಿಟ್ಟರೆ ಬರುವ ನೀರಿನಲ್ಲಿ ಸಾವಿರಕ್ಕೆ 5ರಷ್ಟು ಮಾತ್ರ ಉಪ್ಪು. ಸಾವಿರಕ್ಕೆ 34 ಇರುವಲ್ಲಿ ಬದುಕಿದ ಜೀವಕೋಶಗಳು ಅಂಥ ಸಪ್ಪೆ ನೀರು ಕುಡಿದು ಒಡೆಯುತ್ತವೆ. ಗಟ್ಟಿ ಚಿಪ್ಪಿನ ಡಯಾಟಮ್ ಒಂದಿಷ್ಟು ತಡೆದುಕೊಂಡೀತು, ಚಾಟಿಯಂಥ ಬಾಲದಿಂದ ಈಜುವ ಮೆದು ಮೈಯ ಕಶಾಂಗಿಗಳು ಉಳಿಯುವುದೇ ಕಷ್ಟ. ಅದಕ್ಕೇ ಅದೇ ತೂತಿನಿಂದ ತಂದ ಕಡಲನೀರನ್ನು 0.2 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ, ಒಂದು ಪಾಲು ಐಸಿಗೆ ಮೂರು ಪಾಲು ಸೇರಿಸುತ್ತಿದ್ದೆ. ಆಗ ಉಪ್ಪಿನಂಶ 27ರ ಆಸುಪಾಸಿಗೆ ನಿಲ್ಲುತ್ತದೆ. ಕತ್ತಲಲ್ಲಿ, 4 ಡಿಗ್ರಿ ಫ್ರಿಜ್ಜಿನಲ್ಲಿ, ಆಗಾಗ ಮೆಲ್ಲಗೆ ತಿರುಗಿಸುತ್ತಾ ಒಂದು ದಿನ. ಕೊನೆಯ ಚೂರು ಐಸು ಇನ್ನೂ ತೇಲುತ್ತಿರುವಾಗಲೇ ತೆಗೆಯುವುದು ನನ್ನ ರೂಢಿ. ಅಲ್ಲಿಯವರೆಗೆ ನೀರು ಬೆಚ್ಚಗಾಗುವುದಿಲ್ಲ.

ಬೆಚ್ಚಗಾದರೆ ಏನಾಗುತ್ತದೆ ಎಂಬುದಕ್ಕೆ ಮೀನುಗಳೇ ಸಾಕ್ಷಿ. ಅಲ್ಲಿನ ಟ್ರೆಮಟೋಮಸ್ ಮೀನಿನ ರಕ್ತ ಹೆಪ್ಪುಗಟ್ಟದಂತೆ ಕಾಯುವ ಗ್ಲೈಕೋಪ್ರೋಟೀನುಗಳನ್ನು (ಸಕ್ಕರೆ ಅಂಟಿದ ಪ್ರೋಟೀನುಗಳು) ವಿಜ್ಞಾನಿ ಆರ್ಥರ್ ಡಿವ್ರೀಸ್ 1960ರ ದಶಕದಲ್ಲಿ ಕಂಡುಹಿಡಿದರು. ಅದೇ ಮೀನು 6 ಡಿಗ್ರಿ ನೀರಿನಲ್ಲಿ ಸೆಕೆ ತಾಳದೆ ಸಾಯುತ್ತದೆ.

ಕರಗಿದ ನೀರಿನಲ್ಲಿ ಒಂದು ಪಾಲು ಸೂಕ್ಷ್ಮದರ್ಶಕಕ್ಕೆಂದು, ಕೆಡದಂತೆ ಲುಗೋಲ್ ಅಯೋಡಿನ್ ಹಾಕಿಡುವುದು. ಉಳಿದದ್ದನ್ನು ಗಾಜುನಾರಿನ ಫಿಲ್ಟರಿನಲ್ಲಿ ಸೋಸಿ, 90% ಅಸಿಟೋನಿನಲ್ಲಿ ಕತ್ತಲಲ್ಲಿ ನೆನೆಸಿ ಪಾಚಿ ಎಷ್ಟಿದೆ ಎಂದು ತಿಳಿಯಲು ಮರುದಿನ ಅದರ ಹಸಿರು ಬಣ್ಣ, ಕ್ಲೋರೋಫಿಲ್ ಅಳೆಯುವುದು. ಬಂದ ಅಂಕಿಯನ್ನು ಸೇರಿಸಿದ ನೀರಿನ ಲೆಕ್ಕಕ್ಕೆ ನಾಲ್ಕರಿಂದ ಗುಣಿಸಲೇಬೇಕು. ಚಳಿಗಿಂತ ಹೆಚ್ಚು ಬೇಸರ ತರುತ್ತಿದ್ದದ್ದು ಪಾತ್ರೆ ತೊಳೆಯುವುದು. ಬಳಸಿದ ಅಸಿಟೋನ್ ಒಂದು ತೊಟ್ಟೂ ಚೆಲ್ಲುವಂತಿಲ್ಲ. ಅಂಟಾರ್ಕ್ಟಿಕಾದ ಪರಿಸರ ಕಾಯುವ 1991ರ ಮ್ಯಾಡ್ರಿಡ್ ಒಪ್ಪಂದದ ಕಟ್ಟುಪಾಡು. ಡಬ್ಬಕ್ಕೆ ತುಂಬಿ ಚೀಟಿ ಅಂಟಿಸಿಟ್ಟರೆ, ಹಡಗು ಬಂದಾಗ ವಾಪಸು ಹೋಗುವ ಸಾಮಾನಿನ ಜೊತೆ ಅದೂ ಹೋಗುತ್ತಿತ್ತು.