‘ದಿ ಲ್ಯಾರಮಿ ಪ್ರಾಜೆಕ್ಟ್’: ಊರಿನ ಒಳ್ಳೆಯ ಜನರನ್ನು ಆಡಿಸಿದ ನನ್ನ ಅನುಭವ

ಈ ನಾಟಕ ನಿರ್ದೇಶಿಸುವಾಗ ನನಗೆ ಜಾಸ್ತಿ ಕಷ್ಟ ಕೊಟ್ಟವರು ಕೊಲೆಗಾರರಲ್ಲ, ಆ ಊರಿನ ಸಭ್ಯ, ಒಳ್ಳೆಯ ಜನ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಅಮೆರಿಕದ ವಯೋಮಿಂಗ್ ರಾಜ್ಯದ ಲ್ಯಾರಮಿ ಆಗ ಸುಮಾರು 27 ಸಾವಿರ ಜನರಿದ್ದ ಊರು. 1998ರ ಅಕ್ಟೋಬರ್‌ನಲ್ಲಿ ಇಬ್ಬರು ಯುವಕರು ಮ್ಯಾಥ್ಯೂ ಶೆಪರ್ಡ್ ಎಂಬ 21 ವರ್ಷದ ಗೇ ವಿದ್ಯಾರ್ಥಿಯನ್ನು ಊರಾಚೆ ಕರೆದೊಯ್ದು, ಬೇಲಿಗೆ ಕಟ್ಟಿ ಹೊಡೆದು, ಅಲ್ಲೇ ಬಿಟ್ಟು ಹೋದರು. 12ನೇ ತಾರೀಕು ಅವನು ತೀರಿಕೊಂಡ. ಮುಂದಿನ ತಿಂಗಳೇ ನಾಟಕಕಾರ, ನಿರ್ದೇಶಕ ಮೊಯಿಸೆಸ್ ಕೌಫ್‌ಮನ್ ತಮ್ಮ ರಂಗತಂಡದ ಜೊತೆ ನ್ಯೂಯಾರ್ಕ್‌ನಿಂದ ಅಲ್ಲಿಗೆ ಹೋದರು. ಮತ್ತೆ ಮತ್ತೆ ಹೋಗಿ ಊರಿನವರ ಜೊತೆ 200ಕ್ಕೂ ಹೆಚ್ಚು ಸಂದರ್ಶನ ಮಾಡಿದರು, ಆ ಮಾತುಗಳಿಂದಲೇ ನಾಟಕ ಕಟ್ಟಿದರು. 2000ದಲ್ಲಿ ಡೆನ್ವರ್‌ನಲ್ಲಿ ನಾಟಕ ಮೊದಲು ರಂಗಕ್ಕೆ ಬಂತು. ಎಂಟು ನಟರು, 60ಕ್ಕೂ ಹೆಚ್ಚು ಪಾತ್ರ.

ಊರಿನವರು ಹೇಳುವುದು ಒಂದೇ ಮಾತು: ನಾವು ಬದುಕಿ, ಬದುಕಲು ಬಿಡುವ ಜನ. ಅದರ ಹಿಂದೆಯೇ ಒಂದು ಷರತ್ತು ಬರುತ್ತದೆ, ನನ್ನ ತಂಟೆಗೆ ಬರದಿದ್ದರೆ ಸಾಕು ಅಂತ. ನಟರು ಇಂಥ ಮಾತುಗಳಿಗೆ ತಾವಾಗಿಯೇ ಕೊಂಕು ಸೇರಿಸುತ್ತಾರೆ. ತಾನು ಹಾಗಲ್ಲ ಅಂತ ತೋರಿಸಿಕೊಳ್ಳುವ ಆಸೆ, ಸಹಜ ಅಲ್ವಾ? ನಾನು ಅದನ್ನು ಪೂರ್ತಿ ತೆಗೆಸಿದೆ. ರೆಕಾರ್ಡರ್ ಹಿಡಿದು ದೊಡ್ಡ ನಗರದಿಂದ ಬಂದವರ ಮುಂದೆ ಕೂತಿದ್ದೀರಿ, ನಮ್ಮೂರಿನ ಬಗ್ಗೆ ಇವರು ಒಳ್ಳೆಯದು ಬರೆಯಲಿ ಅಂತ ಮನಸಾರೆ ಬಯಸುತ್ತಿದ್ದೀರಿ, ಹಾಗೆ ಹೇಳಿ ಅಂದೆ. ಕೊಂಕು ಹೋದ ಕೂಡಲೇ ಪ್ರೇಕ್ಷಕರು ತಲೆಯಾಡಿಸತೊಡಗುತ್ತಾರೆ. ಷರತ್ತು ಆಮೇಲೆ ಕಿವಿಗೆ ಬೀಳುತ್ತದೆ: ಇರು, ಆದರೆ ಕಾಣಿಸಬೇಡ. ಈ ನಾಟಕದ ಶಕ್ತಿ ಇರುವುದೇ ಇಲ್ಲಿ ಅಂತ ನನ್ನ ನಂಬಿಕೆ.

ಮ್ಯಾಥ್ಯೂಗಾಗಿ ಪ್ರಾರ್ಥನೆ ನಡೆಸಿದ ಕ್ಯಾಥೊಲಿಕ್ ಪಾದ್ರಿ ಒಬ್ಬರಿದ್ದಾರೆ. ಬೇಲಿಗೆ ಕಟ್ಟಿಹಾಕಿದ್ದಾಗ ಅವನಿಗೆ ತನ್ನ ಜೀವನಶೈಲಿಯ ಬಗ್ಗೆ ಯೋಚಿಸಲು ಸಮಯ ಸಿಕ್ಕಿರಲಿ ಅಂತ ಆಶಿಸುವ ಬ್ಯಾಪ್ಟಿಸ್ಟ್ ಪಾದ್ರಿಯೂ ಇದ್ದಾರೆ. ಎರಡೂ ಪಾತ್ರಗಳನ್ನು ಒಬ್ಬನೇ ನಟನಿಗೆ ಕೊಟ್ಟೆ. ಧ್ವನಿ ಎರಡರಲ್ಲೂ ಅಷ್ಟೇ ಮೃದು. ಎರಡನೆಯದನ್ನು ಕೇಳುವುದು ಅದರಿಂದಲೇ ಅಸಹನೀಯವಾಯಿತು.

ಒಬ್ಬ ನಟನಾ ವಿದ್ಯಾರ್ಥಿಯ ಭಾಗ ನನಗೆ ತುಂಬಾ ಮುಖ್ಯ. ಅವನ ಎಲ್ಲ ಪ್ರದರ್ಶನಕ್ಕೂ ಬರುತ್ತಿದ್ದ ಅಪ್ಪ ಅಮ್ಮ, ಅವನು ಗೇ ಪಾತ್ರವೊಂದರ ದೃಶ್ಯ ಮಾಡಿದ ದಿನ ಬರಲಿಲ್ಲ. ಅಲ್ಲಿ ಸಂಗೀತ ಬೇಡ ಅಂದೆ. ಸುಮ್ನೆ ನಿಂತು ಹೇಳಿದರೆ ಸಾಕು. ಪ್ರೀತಿಸುವ ಮನೆಯವರೇ ಕೈಬಿಡುವುದು ಹೇಗಿರುತ್ತದೆ ಅಂತ ಪ್ರೇಕ್ಷಕರಲ್ಲಿ ಹಲವರಿಗೆ ಮೊದಲೇ ಗೊತ್ತಿರುತ್ತದೆ.

ಮೆರವಣಿಗೆಯ ಭಾಗದಲ್ಲಿ ಮಾತ್ರ ಬೆಳಕು ಜಾಸ್ತಿ ಮಾಡಿದೆ. ಮ್ಯಾಥ್ಯೂಗಾಗಿ ನಡೆಯುವವರ ಸಾಲು ಬೆಳೆಯುತ್ತಾ ಹೋಗುತ್ತದೆ, ಕಾಲು ಮುರಿದುಕೊಂಡ ಒಬ್ಬ ಗೇ ವ್ಯಕ್ತಿ ಅದನ್ನು ಕಿಟಕಿಯಿಂದ ನೋಡಿ ಅಳುತ್ತಾನೆ. ಇದೂ ಅದೇ ಊರು. ಇದನ್ನು ಬಿಟ್ಟರೆ ಲ್ಯಾರಮಿಗೆ ಅನ್ಯಾಯ.

ಆದರೆ ಅಲ್ಲಿಗೇ ನೆಮ್ಮದಿಯಾಗಿ ನಿಲ್ಲಿಸುವ ಹಾಗಿಲ್ಲ. ವರ್ಷ ಕಳೆದ ಮೇಲೆ ಊರಿನ ಇನ್ನೊಬ್ಬ ಗೇ ವ್ಯಕ್ತಿ, ಇಷ್ಟಾದರೂ ಏನು ಬದಲಾಯಿತು, ಒಂದು ಕಾನೂನಾದರೂ ಬಂತಾ ಅಂತ ಕೇಳುತ್ತಾನೆ. ದ್ವೇಷದ ಅಪರಾಧಗಳ ವಿರುದ್ಧ ಮ್ಯಾಥ್ಯೂ ಹೆಸರಿರುವ ಕೇಂದ್ರ ಕಾನೂನು ಬಂದದ್ದು 2009ರಲ್ಲಿ. ನಮಗೆ ಅದು ಗೊತ್ತು, ಆ ಪಾತ್ರಕ್ಕೆ ಗೊತ್ತಿಲ್ಲ. ಅದಕ್ಕೇ ಅವನ ಮಾತಿನಲ್ಲಿ ಸಮಾಧಾನ ಬೇಡ, ಕೋಪ ಇರಲಿ ಅಂತ ನಟನಿಗೆ ಹೇಳಿದೆ.