ಕರೆಂಟ್ ಹೋಗಿ ಬಂದರೆ 502: ಸರ್ವರ್ ಎದ್ದರೂ ಆ್ಯಪ್ ಏಳದಿದ್ದಾಗ

ಶಿರಸಿಯ ಮಳೆಗಾಲದಲ್ಲಿ ಕರೆಂಟ್ ಹೋಗೋದು ಮಾಮೂಲು. ಬಂದ ಕೂಡಲೇ ನಮ್ಮ ಉಬುಂಟು ಸರ್ವರ್ ತಾನೇ ಶುರುವಾಗುತ್ತದೆ. ಆದರೆ ಅಡಿಕೆ ಲೆಕ್ಕದ ಸೈಟ್ ಮಾತ್ರ ‘502 ಬ್ಯಾಡ್ ಗೇಟ್‌ವೇ’ ತೋರಿಸುತ್ತಿತ್ತು, ಅಂದರೆ ಹಿಂದಿರುವ ಆ್ಯಪ್ ಸರಿಯಾಗಿ ಉತ್ತರ ಕೊಡುತ್ತಿಲ್ಲ. ಕೈಯಾರೆ ಗುನಿಕಾರ್ನ್ (ಆ್ಯಪ್ ನಡೆಸುವ ಪ್ರೋಗ್ರಾಂ) ರೀಸ್ಟಾರ್ಟ್ ಮಾಡಿದರೆ ಸರಿ.

ಬ್ರೌಸರ್‌ನ ಕೋರಿಕೆಯನ್ನು ಗುನಿಕಾರ್ನ್‌ಗೆ ದಾಟಿಸುವ ಎಂಜಿನ್‌ಎಕ್ಸ್‌ನ ಟೈಮ್‌ಔಟ್ 300 ಸೆಕೆಂಡಿಗೆ ಏರಿಸಿದೆ, ಉಪಯೋಗವಾಗಲಿಲ್ಲ. ಫೈರ್‌ವಾಲ್‌ನಲ್ಲಿ 8000 ಪೋರ್ಟ್ ತೆರೆಯಿರಿ ಅಂತಾರೆ. ಎಂಜಿನ್‌ಎಕ್ಸ್, ಗುನಿಕಾರ್ನ್ ಎರಡೂ ಒಂದೇ ಯಂತ್ರದಲ್ಲಿದ್ದಾಗ ಅದು ಸುಮ್ನೆ ಅಪಾಯ. ಸರ್ವಿಸ್‌ಗಳನ್ನು ಶುರುಮಾಡಿ ನೋಡಿಕೊಳ್ಳುವ ಸಿಸ್ಟಮ್‌ಡಿಗೆ, ಬಿದ್ದರೆ ಮತ್ತೆ ಎಬ್ಬಿಸು ಅಂತ ಬರೀ ‘ರೀಸ್ಟಾರ್ಟ್=ಆಲ್ವೇಸ್’ ಹಾಕಿದರೂ ಅದೇ ಕಥೆ.

ಸುಳಿವು ಸಿಕ್ಕಿದ್ದು ಸಿಸ್ಟಮ್ ಲಾಗ್ ತೋರಿಸುವ ಜರ್ನಲ್‌ಸಿಟಿಎಲ್‌ನಲ್ಲಿ: ‘ಸ್ಟಾರ್ಟ್ ರಿಕ್ವೆಸ್ಟ್ ರಿಪೀಟೆಡ್ ಟೂ ಕ್ವಿಕ್ಲಿ’. ದಿಢೀರ್ ಆರಿಹೋದ ಪೋಸ್ಟ್‌ಗ್ರೆಸ್ (ನಮ್ಮ ಡೇಟಾಬೇಸ್) ಏಳುವಾಗ ಲಾಗ್ ಓದಿ ಡೇಟಾ ಸರಿಮಾಡಿಕೊಳ್ಳುತ್ತದೆ, ಅಲ್ಲಿಯವರೆಗೆ ಸಿಗುವುದಿಲ್ಲ. ನಮ್ಮ ಆ್ಯಪ್‌ಗೆ ಶುರುವಿನಲ್ಲೇ ಡೇಟಾಬೇಸ್ ಬೇಕು, ಸಿಗದಿದ್ದರೆ ಬೀಳುತ್ತದೆ. ಸಿಸ್ಟಮ್‌ಡಿ 100 ಮಿಲಿಸೆಕೆಂಡ್ ಬಿಟ್ಟು ಮತ್ತೆ ಎಬ್ಬಿಸುತ್ತದೆ. 10 ಸೆಕೆಂಡಿನೊಳಗೆ 5 ಸಲ ಆದರೆ ಕೈಬಿಡುತ್ತದೆ.

ಗುನಿಕಾರ್ನ್‌ನ ಸರ್ವಿಸ್ ಫೈಲಿನ ಯೂನಿಟ್ ವಿಭಾಗದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಹೀಗೆ ಬರೆಯಿರಿ:

ಆಫ್ಟರ್=ಪೋಸ್ಟ್‌ಗ್ರೆಸ್ಕ್ಯೂಎಲ್.ಸರ್ವಿಸ್
ವಾಂಟ್ಸ್=ಪೋಸ್ಟ್‌ಗ್ರೆಸ್ಕ್ಯೂಎಲ್.ಸರ್ವಿಸ್
ಸ್ಟಾರ್ಟ್‌ಲಿಮಿಟ್‌ಇಂಟರ್ವಲ್‌ಸೆಕ್=0

ಸರ್ವಿಸ್ ವಿಭಾಗದಲ್ಲಿ:

ರೀಸ್ಟಾರ್ಟ್=ಆಲ್ವೇಸ್
ರೀಸ್ಟಾರ್ಟ್‌ಸೆಕ್=5

‘ಇಷ್ಟೇ ಸಲ’ ಎಂಬ ಮಿತಿ ತೆಗೆಯುವ ಸ್ಟಾರ್ಟ್‌ಲಿಮಿಟ್ ಸಾಲು ಯೂನಿಟ್ ವಿಭಾಗದಲ್ಲೇ ಇರಬೇಕು. ಸರ್ವಿಸ್ ವಿಭಾಗಕ್ಕೆ ಹೋದರೆ ಸಿಸ್ಟಮ್‌ಡಿ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲ್ಲ. ಆಮೇಲೆ ‘ಸಿಸ್ಟಮ್‌ಸಿಟಿಎಲ್ ಡೀಮನ್-ರೀಲೋಡ್’, ನಂತರ ಗುನಿಕಾರ್ನ್ ಸರ್ವಿಸ್‌ಗೆ ‘ಎನೇಬಲ್’, ಕೊನೆಗೆ ರೀಬೂಟ್.