ಕದ್ದು ತಿಂದದ್ದಲ್ಲ, ಮುಟ್ಟಿನ ಹಿಂದಿನ ವಾರದ ಶುಗರ್

ನನಗೆ ಟೈಪ್ 1 ಶುಗರ್, ಅಂದರೆ ಮೈಯಲ್ಲೇ ಇನ್ಸುಲಿನ್ ತಯಾರಾಗದ ಬಗೆಯದ್ದು, ಶುರುವಾಗಿ ಹದಿನಾರು ವರ್ಷ. ಬದಿಯಡ್ಕದ ಹತ್ತಿರ ಹೊಲಿಗೆ ಅಂಗಡಿ. ಮೂರು ವಾರ 120ರ ಆಸುಪಾಸು ಇರುವ ಫಾಸ್ಟಿಂಗ್ ಒಂದು ವಾರ ಮಾತ್ರ 190, 200 ಆಗುತ್ತಿತ್ತು. ಅದೇ ಕುಚ್ಚಲಕ್ಕಿ, ಅಳೆಯುವ ಲೋಟವೂ ಅದೇ. "ಕದ್ದು ಎಂತದೋ ತಿಂತಿ ಮಾರಾಯ್ತಿ" ಅಂದರು ಅತ್ತೆ. ಮಂಗಳೂರಿನ ಡಾಕ್ಟರೂ ನಗುತ್ತಾ ಅದನ್ನೇ ಕೇಳಿದರು. ಮುಟ್ಟಿನದ್ದಿರಬಹುದಾ ಅಂದರೆ ತಲೆ ಎತ್ತದೆ ಚೀಟಿ ಬರೆದರು.

ಮೊದಲ ದಡ್ಡತನ, ಏರಿದಾಗೆಲ್ಲ ಊಟದ ಇನ್ಸುಲಿನನ್ನೇ ಮೇಲಿಂದ ಮೇಲೆ ಚುಚ್ಚಿದ್ದು. ರಾತ್ರಿ ಹನ್ನೊಂದಕ್ಕೆ 280, ಮೂರು ಗಂಟೆಗೆ 52. ಬೆವರಿ ನೈಟಿ ಇಡೀ ಚಂಡಿ. ಮೆಂತೆ ನೀರು, ಒಪ್ಪೊತ್ತು, ಎಲ್ಲ ದಂಡ.

ಕಡೆಗೆ ದಿನಕ್ಕೆ ಆರೇಳು ಸ್ಟ್ರಿಪ್‌ನಂತೆ ಎರಡು ತಿಂಗಳು ನೋಡಿದೆ. 50ರ ಡಬ್ಬಿಗೆ ಸಾವಿರದ ಹತ್ತಿರ, ಎಂಟು ಡಬ್ಬಿ. ಮೂವತ್ತು ಬ್ಲೌಸಿನ ಮಜೂರಿ ಬೆರಳ ತುದಿಯಲ್ಲೇ ಹೋಯಿತು. ಆದರೆ ಪುಸ್ತಕದಲ್ಲಿ ಚಿತ್ರ ಸ್ಪಷ್ಟವಾಯಿತು: ಮುಟ್ಟಿಗೆ ಏಳೆಂಟು ದಿನ ಮುಂಚೆ ಏರುವುದು, ಶುರುವಾದ ಮರುದಿನ ದಡಕ್ಕನೆ ಇಳಿಯುವುದು.

ಅದನ್ನು ಹಿಡಿದುಕೊಂಡು ಬೇರೆ ಡಾಕ್ಟರರಲ್ಲಿಗೆ ಹೋದೆ. ಚಿಕ್ಕ ಪ್ರಾಯದವರು, ಪುಟಪುಟ ನೋಡಿದರು. ಆ ದಿನಗಳಲ್ಲಿ ಪ್ರೊಜೆಸ್ಟರಾನ್ ಎಂಬ ಹಾರ್ಮೋನ್ ಹೆಚ್ಚಿ ಇನ್ಸುಲಿನ್ ಹಿಡಿಯುವುದಿಲ್ಲ ಎಂದು ರಾತ್ರಿಯ ಡೋಸ್ ಆ ವಾರಕ್ಕೆ ಮಾತ್ರ ಏರಿಸಿಕೊಟ್ಟರು. ಎಷ್ಟು ಯುನಿಟ್ ಅಂತ ಹೇಳುವುದಿಲ್ಲ, ನನ್ನ ಲೆಕ್ಕ ನಿಮ್ಮ ಮೈಗೆ ಆಗದು.

ಏರಿಸುವುದು ಯಾವತ್ತಿನಿಂದ ಎಂಬುದೇ ತಲೆಬಿಸಿ. ನನ್ನ ತಿಂಗಳು ಒಮ್ಮೆ 26 ದಿನ, ಒಮ್ಮೆ 33. ಕ್ಯಾಲೆಂಡರ್ ನಂಬಿ ಬೇಗ ಏರಿಸಿ ಮೂರು ಸಲ ಲೋ ಆಯಿತು. ಈಗ ಏಳುವ ಮೊದಲೇ ಮಲಗಿದಲ್ಲಿಂದ ಥರ್ಮಾಮೀಟರ್. ಅರ್ಧ ಡಿಗ್ರಿಯಷ್ಟು ಏರಿ ಮೂರು ದಿನ ನಿಂತರೆ ಅಂಡ ಬಿಡುಗಡೆಯಾಗಿದೆ ಅಂತ, ಅಲ್ಲಿಂದ ಎಣಿಕೆ. ನಿದ್ದೆಗೆಟ್ಟ ದಿನ ಅದು ಮೋಸ ಮಾಡುತ್ತದೆ. ಅದಕ್ಕೆ ನನ್ನದೊಂದು ಉಪಾಯ ಇದೆ, ಇನ್ನೆರಡು ತಿಂಗಳು ನೋಡದೆ ಬಾಯಿ ಬಿಡುವುದಿಲ್ಲ.

ಏರಿಸಿದ್ದಕ್ಕಿಂತ ಇಳಿಸಲು ಮರೆತದ್ದೇ ದುಬಾರಿ. ಮದುವೆ ಸೀಸನ್, ಮುಟ್ಟಾದ ರಾತ್ರಿಯೂ ಏರಿಸಿದ ಡೋಸನ್ನೇ ಹಾಕಿದೆ. ಮರುದಿನ ಮೆಷಿನ್ ಮುಂದೆ ಕೈ ನಡುಗಿ, ರೇಷ್ಮೆ ಬ್ಲೌಸಿನ ತೋಳಲ್ಲಿ ಹೊಲಿಗೆ ಹಾವಿನ ಹಾಗೆ ಹರಿಯಿತು. ನೋಡಿದರೆ 48. ಸಕ್ಕರೆ ನೀರು ಕುಡಿದು ಸುಧಾರಿಸಿದೆ, ಬಟ್ಟೆಗೆ ಆರುನೂರು ಕಟ್ಟಿಕೊಟ್ಟೆ.

ನಡುವೆ ಹಲಸಿನ ಹಣ್ಣಿನದ್ದೂ ಒಂದು ಪರೀಕ್ಷೆ ಆಯಿತು, ಹಳೇ ಡೋಸಿನ ಕಾಲದಲ್ಲಿ. ನಾಲ್ಕು ಸೊಳೆ ಒಳ್ಳೆ ವಾರ ತಿಂದರೆ ಎರಡು ಗಂಟೆಗೆ 160ರ ಹತ್ತಿರ, ಕೆಟ್ಟ ವಾರ 240. ಅದೇ ಮರದ ಹಣ್ಣು. ಅತ್ತೆಗೆ ಎರಡೂ ಸಲ ಮೀಟರ್ ತೋರಿಸಿದೆ, ಮಾತಾಡಲಿಲ್ಲ.

ಮೂರು ತಿಂಗಳ ಸರಾಸರಿ ತೋರಿಸುವ HbA1c ರಕ್ತಪರೀಕ್ಷೆಯಲ್ಲಿ 8.6 ಶೇಕಡಾ ಇದ್ದದ್ದು ಈಗ 7.2ರ ಸುತ್ತ. ಅಡುಗೆಮನೆ ಕ್ಯಾಲೆಂಡರಿನಲ್ಲಿ ಏರಿಸುವ ದಿನಕ್ಕೊಂದು ಸೂಜಿ ಗೀಚಿಡುತ್ತೇನೆ. ಮೊನ್ನೆ ಅದನ್ನು ಕಂಡು ಅತ್ತೆ, "ಗ್ಯಾಸ್ ಇಷ್ಟು ಬೇಗ ಮುಗೀತಾ?" ಅಂದರು.